ಡಿಸ್ಕು ನಿದ್ದೆ ಮಾಡಲು ಕಲಿತ ಕಥೆ



ಮಸಿನಗುಡಿಯಲ್ಲಿ ಮಳೆಗಾಲದ ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಮತ್ತೆ ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ಪಕ್ಕದ ಸಿಂಗಾರದಲ್ಲಿ ಪೈಕಾರ ನದಿಯ ನೀರಿನಿಂದ ವಿದ್ಯುತ್ ತಯಾರಿಸಲು ಶುರು ಮಾಡಿದ್ದು 1932ರಲ್ಲಿ. ದೀಪದ ಬುಡದಲ್ಲೇ ಕತ್ತಲೆ ಅನ್ನುವ ಗಾದೆ ನಮ್ಮೂರಿಗೇ ಹೇಳಿ ಮಾಡಿಸಿದಂತಿದೆ!

ನಮ್ಮ ಮನೆಯ ಮೂಲೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಹಗಲೂ ರಾತ್ರಿಯೂ ಸರ್ವರ್ ಆಗಿ ಓಡುತ್ತದೆ. ಕನ್ನಡ ಪಠ್ಯಪುಸ್ತಕಗಳು, ಕನ್ನಡ ವಿಕಿಪೀಡಿಯದ ಒಂದು ಪ್ರತಿ, ಹಳೆಯ ಪ್ರಶ್ನೆಪತ್ರಿಕೆಗಳು ಅದರಲ್ಲಿವೆ. ಗಡಿಯಾಚೆ ಕನ್ನಡ ಪುಸ್ತಕ ಸಿಗುವುದೇ ಕಷ್ಟ. ಹಾಗಾಗಿ ಸಂಜೆ ಮಕ್ಕಳು ಬಂದು ಅದನ್ನೇ ತೆರೆದು ಓದುತ್ತಾರೆ. ಕರೆಂಟ್ ಹೋದಾಗ ಅದು ಇನ್ವರ್ಟರ್ ಮೇಲೆ ನಡೆಯಬೇಕು. “ಮೇಷ್ಟ್ರೇ, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕ್ಸಿ, ಬ್ಯಾಟರಿ ಉಳಿಯುತ್ತೆ” ಎಂದ ಒಬ್ಬ ಹಳೆಯ ವಿದ್ಯಾರ್ಥಿ. ಹಾಕಿಸಿದೆ. ಅಂದುಕೊಂಡಷ್ಟು ಉಳಿಯಲಿಲ್ಲ. ಯಾಕೆಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಈ ಇತಿಹಾಸ.

1956ರಲ್ಲಿ ಐಬಿಎಂ ಕಂಪನಿ ರಾಮಾಕ್ ಎಂಬ ಯಂತ್ರದೊಡನೆ ಮೊದಲ ಡಿಸ್ಕ್ ತಂದಿತು. ಎರಡಡಿ ಅಗಲದ 50 ತಟ್ಟೆಗಳು. ಅಷ್ಟರಲ್ಲೂ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರ ಮಾತ್ರ. ತಟ್ಟೆಗಳು ಸದಾ ತಿರುಗುತ್ತಲೇ ಇರಬೇಕಿತ್ತು. ಕರೆಂಟ್ ಬಿಲ್ಲು ಕಟ್ಟುವವರು ದೊಡ್ಡ ಕಂಪನಿಗಳು, ಯಾರಿಗೆ ಚಿಂತೆ? ಬ್ಯಾಟರಿಯ ಲ್ಯಾಪ್‌ಟಾಪ್ ಬಂದ ಮೇಲೆ ಚಿಂತೆ ಶುರುವಾಯಿತು. ಕಂಪ್ಯೂಟರಿನ ಬಿಡಿಭಾಗಗಳನ್ನು ಬಿಡುವಿನಲ್ಲಿ ಮಲಗಿಸಲು ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸೇರಿ 1992ರಲ್ಲಿ ಒಂದು ನಿಯಮಾವಳಿ ತಂದವು. ಅಮೆರಿಕದ ಪರಿಸರ ಸಂಸ್ಥೆಯ ‘ಎನರ್ಜಿ ಸ್ಟಾರ್’ ಗುರುತು ಬಂದದ್ದೂ ಅದೇ ವರ್ಷ.

ತಿರುಗುವ ಡಿಸ್ಕನ್ನು ಮಲಗಿಸುವುದು ಸುಲಭ, ಎಬ್ಬಿಸುವುದು ಕಷ್ಟ. ಮೇಜಿನ ಕಂಪ್ಯೂಟರಿನ ಡಿಸ್ಕು ಕೆಲಸವಿಲ್ಲದೆ ತಿರುಗುತ್ತಿದ್ದರೆ ನಾಲ್ಕೈದು ವಾಟ್, ನಿಂತರೆ ಒಂದು ವಾಟಿನ ಆಸುಪಾಸು. ಆದರೆ ಮತ್ತೆ ವೇಗ ಹಿಡಿಯಲು ಕೆಲವು ಸೆಕೆಂಡ್ ಬೇಕು, ಆಗ 20 ವಾಟಿನಷ್ಟು ಎಳೆಯುತ್ತದೆ. ನಿಂತು ಹೊರಟು ಸವೆಯುವುದು ಬೇರೆ. ಅದಕ್ಕೇ ಬಹಳ ಜನ ತಿರುಗಲಿ ಬಿಡು ಎಂದು ಬಿಟ್ಟರು.

ಇನ್ನೊಂದು ದಾರಿ ಅಷ್ಟರಲ್ಲಿ ತಯಾರಾಗುತ್ತಿತ್ತು. 1967ರಲ್ಲಿ ಬೆಲ್ ಪ್ರಯೋಗಾಲಯದ ಡಾನ್ ಕಾಂಗ್ ಮತ್ತು ಸೈಮನ್ ಝೀ, ವಿದ್ಯುತ್ ಕಡಿದರೂ ವಿದ್ಯುದಂಶವನ್ನು ಹಿಡಿದಿಟ್ಟುಕೊಳ್ಳುವ ಟ್ರಾನ್ಸಿಸ್ಟರಿನ ವಿಚಾರ ಮುಂದಿಟ್ಟರು. ಅದೇ ತತ್ವದ ಮೇಲೆ ಜಪಾನಿನ ತೋಶಿಬಾದ ಫುಜಿಯೊ ಮಸುಓಕಾ 1984ರಲ್ಲಿ ಫ್ಲ್ಯಾಶ್ ಮೆಮೊರಿಯನ್ನು ಲೋಕಕ್ಕೆ ತೋರಿಸಿದರು. ಇಂದಿನ ಎಸ್‌ಎಸ್‌ಡಿಯ ಒಳಗಿರುವುದು ಅದೇ ವಂಶದ ಚಿಪ್ಪುಗಳು.

ಈ ಕಥೆಯಲ್ಲಿ ನಮ್ಮ ಬೆಂಗಳೂರೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಕಂಪನಿಯವರು ಸೇರಿ ರೂಪಿಸಿದ ‘ಸಿಂಪ್ಯೂಟರ್’ 2001ರಲ್ಲಿ ಸುದ್ದಿಯಾಯಿತು. ಅದರಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ, ಫ್ಲ್ಯಾಶ್ ಚಿಪ್ ಇತ್ತು. ಮೊದಲ ವಿನ್ಯಾಸದಲ್ಲಿ ಮೂರು ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುವಂಥದ್ದು. ಹಳ್ಳಿಯ ಕರೆಂಟಿನ ಸ್ಥಿತಿ ಗೊತ್ತಿದ್ದವರು ಮಾಡಿದ ಯಂತ್ರ! 2004ರಲ್ಲಿ ಬಿಇಎಲ್ ಸಹಯೋಗದಲ್ಲಿ ಮಾರಾಟಕ್ಕೂ ಬಂತು, ನಿರೀಕ್ಷಿಸಿದಷ್ಟು ಹೋಗಲಿಲ್ಲ. ನನಗಂತೂ ಈಗಲೂ ಬೇಸರವಿದೆ.

ಹಾಗಾದರೆ ತಿರುಗುವ ತಟ್ಟೆಯೇ ಇಲ್ಲದ ಎಸ್‌ಎಸ್‌ಡಿ ಬಿಡುವಿನಲ್ಲಿ ಕರೆಂಟ್ ತಿನ್ನುವುದೇಕೆ? ಚಿಪ್ಪುಗಳಲ್ಲ, ಅವುಗಳ ಯಜಮಾನ ತಿನ್ನುತ್ತಾನೆ. ಒಳಗಿರುವ ಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಎಚ್ಚರವಾಗಿರುತ್ತದೆ. ಡಿಸ್ಕನ್ನೂ ಕಂಪ್ಯೂಟರನ್ನೂ ಜೋಡಿಸುವ ಸಾಟಾ ತಂತಿಯ ಎರಡು ತುದಿಗಳೂ, ಮಾತಿಲ್ಲದಿದ್ದರೂ, ಸಂಕೇತ ಕಳಿಸುತ್ತಲೇ ಇರುತ್ತವೆ. ಇದನ್ನು ನಿಲ್ಲಿಸಲು ಮೆಟ್ಟಿಲು ಮೆಟ್ಟಿಲಾಗಿ ನಿದ್ದೆಗಳಿವೆ. ‘ಪಾರ್ಷಿಯಲ್’ ಎಂಬುದು ಕೋಳಿನಿದ್ದೆ, ಸೆಕೆಂಡಿನ ಲಕ್ಷದಲ್ಲೊಂದು ಭಾಗದೊಳಗೆ ಏಳಬೇಕು. ‘ಸ್ಲಂಬರ್’ ಇನ್ನೂ ಗಾಢ, ಏಳಲು ಸೆಕೆಂಡಿನ ನೂರರಲ್ಲೊಂದು ಭಾಗದವರೆಗೆ ಸಮಯವಿದೆ. 2013ರಲ್ಲಿ ಬಂದ ‘ಡೆವ್‌ಸ್ಲೀಪ್’ ಕುಂಭಕರ್ಣ ನಿದ್ದೆ, ಖರ್ಚು ಕೆಲವೇ ಮಿಲಿವಾಟ್. ಅದು ಮುಖ್ಯವಾಗಿ ಲ್ಯಾಪ್‌ಟಾಪಿಗೆ, ಮೇಜಿನ ಕಂಪ್ಯೂಟರುಗಳಲ್ಲಿ ಅಪರೂಪ.

ನನಗೆ ತಡವಾಗಿ ತಿಳಿದ ವಿಷಯ ಮುಂದಿನದು. ತಂತಿ ಎಚ್ಚರವಿದ್ದರೆ ಪ್ರೊಸೆಸರೂ ಗಾಢ ನಿದ್ದೆಗೆ ಇಳಿಯಲಾರದು. ಹಾಸ್ಟೆಲಿನಲ್ಲಿ ಒಬ್ಬ ಹುಡುಗ ಪಿಸುಗುಟ್ಟುತ್ತಿದ್ದರೆ ಇಡೀ ಕೋಣೆಗೆ ನಿದ್ದೆ ಬಾರದಲ್ಲ, ಹಾಗೆ. ನನ್ನ ಬ್ಯಾಟರಿ ಹೋಗುತ್ತಿದ್ದುದು ಅಲ್ಲಿ.

ಸರಿ, ಅತ್ಯಂತ ಆಳದ ನಿದ್ದೆಗೆ ಹಾಕಿದೆ. ಮೂರನೆಯ ರಾತ್ರಿ ಡಿಸ್ಕೇ ಮಾಯ! ಸ್ವಿಚ್ ಆರಿಸಿ ಹಾಕಿದ ಮೇಲೆ ಬಂತು, ಎರಡು ಕಡತ ಕೆಟ್ಟಿದ್ದವು. ಆಮೇಲೆ ಓದಿದಾಗ ಗೊತ್ತಾಯಿತು, ಇದು ನನ್ನೊಬ್ಬನ ಗೋಳಲ್ಲ. ಕೆಲವು ಡಿಸ್ಕುಗಳಿಗೆ ಆಳದ ನಿದ್ದೆ ಒಗ್ಗುವುದಿಲ್ಲವೆಂದೇ 2018ರ ಆರಂಭದಲ್ಲಿ ಬಂದ ಲಿನಕ್ಸ್ 4.15ರಲ್ಲಿ ಒಂದು ಮಧ್ಯಮ ನಿದ್ದೆಯನ್ನು ಸೇರಿಸಿದ್ದಾರೆ. ಎನ್‌ವಿಎಂಇ ಎಂಬ ಹೊಸ ಬಗೆಯ ಡಿಸ್ಕುಗಳು ತಾವಾಗಿಯೇ ಮಲಗುವ ಸೌಲಭ್ಯ 2017ರ ಲಿನಕ್ಸ್ 4.11ರಲ್ಲಿ ಬಂತು, ಅಲ್ಲೂ ಕೆಲವು ಮಾದರಿಗಳಿಗೆ ವಿನಾಯಿತಿ ಕೊಡಬೇಕಾಯಿತು. ನಾನು ಈಗ ಮಧ್ಯಮದಲ್ಲೇ ಇದ್ದೇನೆ. ನಿಮಿಷಕ್ಕೊಮ್ಮೆ ಡಿಸ್ಕನ್ನು ಎಬ್ಬಿಸುತ್ತಿದ್ದ ದಿನಚರಿ ಕಡತಗಳನ್ನು ಮೆಮೊರಿಗೆ ವರ್ಗಾಯಿಸಿದ್ದೇನೆ. ಡಿಸ್ಕು ಮತ್ತೆ ಮಾಯವಾಗಿಲ್ಲ.

ಅಂದ ಹಾಗೆ, ನಿದ್ದೆ ಬೇರೆ, ಕರೆಂಟೇ ಇಲ್ಲದಿರುವುದು ಬೇರೆ. ಬಳಕೆಯ ಮಿತಿ ಮುಗಿದ ಮನೆಬಳಕೆಯ ಎಸ್‌ಎಸ್‌ಡಿ, ವಿದ್ಯುತ್ ಇಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಮಾಹಿತಿ ಉಳಿಸಿಕೊಳ್ಳಬೇಕೆಂದು ಜೆಡೆಕ್ ಸಂಸ್ಥೆಯ ಮಾನದಂಡ ಹೇಳುತ್ತದೆ. ಸೆಕೆ ಹೆಚ್ಚಿದಷ್ಟೂ ಅವಧಿ ಕಡಿಮೆ. ಎರಡು ತಿಂಗಳ ಬೇಸಿಗೆ ರಜೆಗೆ ಹೆದರಬೇಕಿಲ್ಲ. ಶಾಲೆಯ ಬೀರುವಿನಲ್ಲಿ ಹಳೆಯ ಎಸ್‌ಎಸ್‌ಡಿಯೊಳಗೆ ವಾರ್ಷಿಕೋತ್ಸವದ ಫೋಟೋಗಳ ಒಂದೇ ಪ್ರತಿ ಇಟ್ಟವರು ಮಾತ್ರ ಈ ವಾರವೇ ತೆಗೆದು ಇನ್ನೊಂದು ಕಡೆಗೆ ಪ್ರತಿ ಮಾಡಿಕೊಳ್ಳಿ.