ಬೀಡಿಯ ನೂಲು ಮತ್ತು ಗೃಹಕಾರ್ಮಿಕಳ ಹಕ್ಕು

ಬೀಡಿ ಉದ್ಯಮವೆಂದೊಡನೆ ಎಲೆ ಮತ್ತು ಹೊಗೆಸೊಪ್ಪು ನೆನಪಾಗುತ್ತವೆ. ಮೂರನೆಯ ಕಚ್ಚಾವಸ್ತುವಾದ ನೂಲು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಆದರೆ ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ಪರಿಸರದ ಮಹಿಳೆಯರ ದುಡಿಮೆಯ ಚರಿತ್ರೆಯಲ್ಲಿ ಈ ನೂಲಿಗೂ ಸ್ಥಾನವಿದೆ.

ಈ ಭಾಗದ ಹಳ್ಳಿಗಳಲ್ಲಿ ಬೀಡಿ ಕಟ್ಟುವ ಕೆಲಸ ನಡೆದುಬಂದದ್ದು ಮುಖ್ಯವಾಗಿ ಮನೆಯ ಜಗಲಿಯಲ್ಲಿ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲುಗಳನ್ನು ತಂದು, ಕಟ್ಟಿದ ಬೀಡಿಯನ್ನು ಅಲ್ಲಿಗೇ ಒಪ್ಪಿಸುವುದು ರೂಢಿ. ನೆನೆಸಿದ ಎಲೆಯನ್ನು ಕತ್ತರಿಸಿ, ಹೊಗೆಸೊಪ್ಪು ತುಂಬಿ ಸುರುಳಿ ಮಾಡಿ, ತುದಿ ಮಡಚಿ ನೂಲು ಬಿಗಿಯಲಾಗುತ್ತದೆ. ಕೂಲಿ ಸಾವಿರ ಬೀಡಿಗೆ ಇಷ್ಟೆಂದು ನಿಗದಿಯಾಗುವುದರಿಂದ ಉಂಡೆಯಿಂದ ನೂಲು ತಡೆಯಿಲ್ಲದೆ ಬಿಚ್ಚಿಕೊಳ್ಳಬೇಕು. ಸಿಕ್ಕಾದರೆ ಕೈಯ ವೇಗ ಕುಂದುತ್ತದೆ; ಕಟ್ಟು ಸಡಿಲವಾದರೆ ಬೀಡಿ ತಿರಸ್ಕೃತವಾಗುತ್ತದೆ.

1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯು ಈ ದುಡಿಮೆಗೆ ಶಾಸನದ ಮನ್ನಣೆ ನೀಡಿತು. ವಾಸದ ಮನೆಯು ‘ಕೈಗಾರಿಕಾ ಸ್ಥಳ’ವೆಂಬ ವ್ಯಾಖ್ಯೆಗೆ ಸೇರಲಿಲ್ಲ. ಆದರೆ ಮಾಲೀಕನಿಂದ ಅಥವಾ ಗುತ್ತಿಗೆದಾರನಿಂದ ಕಚ್ಚಾವಸ್ತು ಪಡೆದು ಮನೆಯಲ್ಲಿ ಬೀಡಿ ಕಟ್ಟುವವಳು ‘ನೌಕರ’ ಎಂಬ ವ್ಯಾಖ್ಯೆಗೆ ಸೇರಿದಳು. ಯಾರ ನೌಕರಿಯಲ್ಲೂ ಇಲ್ಲದೆ ಮನೆಮಂದಿಯೊಂದಿಗೆ ಸ್ವಂತಕ್ಕೆ ಬೀಡಿ ತಯಾರಿಸುವವರು ಕಾಯ್ದೆಯ ಹೊರಗುಳಿದರು. ಹೀಗೆ ಎಲೆ, ನೂಲುಗಳು ಯಾರಿಂದ ಬಂದವು ಎಂಬ ಪ್ರಶ್ನೆಯೇ ಹಕ್ಕಿನ ಪ್ರಶ್ನೆಯಾಯಿತು. ಕಚ್ಚಾವಸ್ತುಗಳ ವಿತರಣೆ, ಬೀಡಿಯ ತಿರಸ್ಕಾರ, ತಿರಸ್ಕೃತ ಬೀಡಿಯ ಕೂಲಿ ಇವುಗಳ ವಿವಾದಗಳನ್ನು ಇತ್ಯರ್ಥಪಡಿಸುವ ವ್ಯವಸ್ಥೆಯೂ ಕಾಯ್ದೆಯಲ್ಲಿತ್ತು.

ಉದ್ಯಮಿಗಳು ಇದನ್ನು ಸುಲಭವಾಗಿ ಒಪ್ಪಲಿಲ್ಲ. ಕೇರಳದಲ್ಲಿ ಕಾಯ್ದೆ ಜಾರಿಗೆ ಬಂದಾಗ ಮಂಗಳೂರು ಗಣೇಶ್ ಬೀಡಿ ಸಂಸ್ಥೆಯು 1968ರಲ್ಲಿ ಕಣ್ಣೂರಿನ ತನ್ನ ಘಟಕಗಳನ್ನು ಮುಚ್ಚಿತು. ಕೆಲಸ ಕಳೆದುಕೊಂಡವರಿಗಾಗಿ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘ ಹುಟ್ಟಿತು. ಕಾಯ್ದೆಯ ಸಿಂಧುತ್ವವನ್ನು ಪ್ರಶ್ನಿಸಿದ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1974ರಲ್ಲಿ ಕಾಯ್ದೆಯನ್ನು ಎತ್ತಿಹಿಡಿಯಿತು. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯ್ದೆಯೂ ಬಂದಿತು. ಮುಂದೆ 1966ರ ಕಾಯ್ದೆಯನ್ನು 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿ ಅಡಕಗೊಳಿಸಲಾಯಿತು.

ಮನೆಗೆಲಸದ ಬಿಡುವಿನಲ್ಲಿ ಮಾಡುವ ಕೈಗೆಲಸವೆಂದು ಕಾಣುತ್ತಿದ್ದುದನ್ನು ಉದ್ಯೋಗವೆಂದು ಗುರುತಿಸಲು ನೆರವಾದದ್ದು ಬ್ರಾಂಚ್ ಮತ್ತು ಜಗಲಿಗಳ ನಡುವಣ ಈ ಕೊಡುಕೊಳ್ಳುವಿಕೆಯೇ. ಈ ದೃಷ್ಟಿಯಿಂದ ಎಲೆ, ಹೊಗೆಸೊಪ್ಪುಗಳೊಡನೆ ನೂಲಿನ ಉಂಡೆಯೂ ಗೃಹಕಾರ್ಮಿಕಳ ಹಕ್ಕಿನ ಚರಿತ್ರೆಗೆ ಒಂದು ಆಧಾರವಾಗಿದೆ.