ಸುಣ್ಣದ ಗೂಡೂ ಭೂಮಿಯ ಒಡಲೂ



ತಾಂಡೂರಿನ ಹಾಸುಗಲ್ಲನ್ನು ಕನ್ನಡದಲ್ಲಿ ಫರಸಿ ಅನ್ನುತ್ತೇವೆ, ತೆಲುಗಿನಲ್ಲಿ ನಾಪರಾಯಿ. 1956ರ ನವೆಂಬರ್ 1ರಂದು ಗುಲ್ಬರ್ಗಾ ಜಿಲ್ಲೆಯ ತಾಂಡೂರು, ಬೀದರ ಜಿಲ್ಲೆಯ ಜಹೀರಾಬಾದು, ನಾರಾಯಣಖೇಡ ಆಂಧ್ರಪ್ರದೇಶಕ್ಕೆ ಸೇರಿದವು. ಆದರೆ ಕಲ್ಲಿನ ಪದರ ಇಂದಿಗೂ ಸೇಡಂ, ಚಿತ್ತಾಪುರ, ಶಹಾಬಾದಿನವರೆಗೆ ಒಂದೇ.

ಅದು ಸುಣ್ಣದ ಕಲ್ಲು. ಗೂಡಿಗೆ ಹಾಕಿ ಸುಮಾರು 900 ಡಿಗ್ರಿ ಕಾಯಿಸಿದರೆ ಏನಾಗುತ್ತದೆಂದು ನಮ್ಮ ಹಿರಿಯರಿಗೆ ಹೇಳಿಕೊಡಬೇಕಾಗಿರಲಿಲ್ಲ. ಕಲ್ಲು ಕರಗುವುದಿಲ್ಲ, ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ. ಕಲ್ಲು ಶುದ್ಧವಾಗಿದ್ದರೆ ನೂರು ಸೇರಿಗೆ 56 ಸೇರು ಸುಟ್ಟ ಸುಣ್ಣ ಉಳಿಯುತ್ತದೆ.

ಗೂಡಿನ ಈ ಅನುಭವವೇ ದೊಡ್ಡ ದೊಡ್ಡ ವಿದ್ವಾಂಸರಿಗೂ ಬಹುಕಾಲ ಅಡ್ಡಿಯಾಯಿತು. ಸುಣ್ಣದ ಕಲ್ಲು ಕರಗುವುದೆಂದರೆ ನಂಬುವವರಾರು? ಭೂಮಿಯ ಆಳದಲ್ಲಿ ಒತ್ತಡವಿರುವುದರಿಂದ ಅನಿಲ ಹೊರಹೋಗಲಾರದು ಎಂದು ಸ್ಕಾಟ್ಲೆಂಡಿನ ಜೇಮ್ಸ್ ಹಟ್ಟನ್ ಹೇಳಿದ್ದರು. ಅವರ ಗೆಳೆಯ ಸರ್ ಜೇಮ್ಸ್ ಹಾಲ್ ಇದನ್ನು ಪರೀಕ್ಷಿಸಬಯಸಿದರು. ಒಲೆಯ ಪ್ರಯೋಗದಿಂದ ಭೂಮಿಯ ಗುಟ್ಟು ತಿಳಿಯದೆಂಬುದು ಹಟ್ಟನರ ಮತ. ಆ ಹಿರಿಯರಿಗೆ ಗೌರವ ತೋರಿ, ಅವರು 1797ರಲ್ಲಿ ತೀರಿಕೊಂಡ ಮೇಲೆಯೇ ಹಾಲ್ ಕೆಲಸಕ್ಕೆ ಕೈಹಾಕಿದರು. ಬಂದೂಕಿನ ನಳಿಗೆಗಳಲ್ಲಿ ಸುಣ್ಣಕಲ್ಲಿನ ಪುಡಿ ತುಂಬಿ, ಬಾಯಿ ಬಿಗಿದು ಕಾಯಿಸಿದರು. ನಳಿಗೆಗಳು ಸಿಡಿದವು, ಕುಲುಮೆ ಒಡೆಯಿತು, ಆದರೂ ಬಿಡಲಿಲ್ಲ. 1805ರಲ್ಲಿ ಫಲ ಪ್ರಕಟಿಸಿದರು: ಪುಡಿಯು ಸುಣ್ಣವಾಗದೆ ಅಮೃತಶಿಲೆಯಂತೆ ಗಟ್ಟಿಯಾಗಿತ್ತು.

ಇಷ್ಟಾದರೂ ಅನುಮಾನ ಹೋಗಲಿಲ್ಲ. 1921ರಲ್ಲಿ ನಾರ್ವೆಯ ಬ್ರೋಗರ್ ಅವರು ಫೆನ್ ಎಂಬಲ್ಲಿನ ಕಲ್ಲುಗಳು ಕರಗಿದ ಕಾರ್ಬೊನೇಟಿನಿಂದಲೇ ಹುಟ್ಟಿದವೆಂದಾಗ, ಬೋವೆನ್‌ರಂಥ ಪಂಡಿತರೇ ಒಪ್ಪಲಿಲ್ಲ. 1960ರಲ್ಲಿ ಮಾತು ತಿರುಗಿತು. ಅಮೆರಿಕದಲ್ಲಿ ವೈಲಿ ಮತ್ತು ಟಟಲ್ ಅವರು ಸಾವಿರ ವಾತಾವರಣದ ಒತ್ತಡದಲ್ಲಿ, ನೀರಿನ ಜೊತೆ, ಸುಮಾರು 650 ಡಿಗ್ರಿಯಲ್ಲೇ ಕ್ಯಾಲ್ಸೈಟಿನಿಂದ ದ್ರವ ಹುಟ್ಟುವುದನ್ನು ತೋರಿಸಿದರು. ಅದೇ ವರ್ಷ ತಾಂಜೇನಿಯಾದ ಓಲ್ಡೊಯಿನ್ಯೊ ಲೆಂಗಾಯ್ ಜ್ವಾಲಾಮುಖಿಯು ಕಾರ್ಬೊನೇಟ್ ಲಾವಾವನ್ನೇ ಉಗುಳಿತು. ಅದರ ಶಾಖ 600 ಡಿಗ್ರಿಯನ್ನೂ ಮುಟ್ಟದು. ನಾರಾಯಣಖೇಡದ ಕರಿಗಲ್ಲು ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾವಾಗಿ ಹರಿದಾಗ ಅದಕ್ಕೆ ಇದರ ಸುಮಾರು ಎರಡರಷ್ಟು ಕಾವಿತ್ತು.

ಇನ್ನೂ ಆಳಕ್ಕೆ ಇಳಿಯೋಣ. ಭೂಮಿಯ ಮ್ಯಾಂಟಲ್ ಪದರದ ಬಂಡೆಯಲ್ಲಿ ಕಾರ್ಬೊನೇಟ್ ಚೂರೇ ಚೂರು ಇರುತ್ತದೆ. ಕೆಲವಷ್ಟು ಇಂಗಾಲ ಭೂಮಿ ಹುಟ್ಟಿದಂದಿನದು, ಕೆಲವಷ್ಟು ಕೆಳಗಿಳಿದ ಸಮುದ್ರತಳದ್ದು. ಮಂಜುಗಡ್ಡೆಗೆ ಉಪ್ಪು ಬಿದ್ದಂತೆ, ಆ ಚೂರಿನಿಂದಲೇ ಬಂಡೆ ಬೇಗ ಕರಗತೊಡಗುತ್ತದೆ. 100 ಕಿ.ಮೀ. ಆಳದಲ್ಲಿ ಒಣ ಬಂಡೆಗೆ 1400 ಡಿಗ್ರಿಗೂ ಮೇಲಿನ ಕಾವು ಬೇಕು. ಕಾರ್ಬೊನೇಟ್ ಇದ್ದರೆ 300 ಡಿಗ್ರಿಗೂ ಹೆಚ್ಚು ಕಡಿಮೆ ಸಾಕು. ಸಾಗರಮಧ್ಯದ ಪರ್ವತಸಾಲುಗಳ ಕೆಳಗೆ ಇಂಥ ಕರಗುವಿಕೆ 300 ಕಿ.ಮೀ. ಆಳದವರೆಗೂ ಇರಬಹುದೆಂದು ರಾಜದೀಪ್ ದಾಸ್‌ಗುಪ್ತಾ ಮತ್ತು ಹರ್ಷ್‌ಮನ್ 2006ರಲ್ಲಿ ತೋರಿಸಿದರು.

ಇದೆಲ್ಲ ದೂರದ ಮಾತು ಎನ್ನಬೇಡಿ. ತಾಂಡೂರಿನಿಂದ ತೆಂಕಣಕ್ಕೆ ಕೊಡಂಗಲ್ ದಾಟಿದರೆ ನಾರಾಯಣಪೇಟೆ ಕಡೆಯ ಮದ್ದೂರು, ಕೋಟಕೊಂಡ ಸಿಗುತ್ತವೆ. ಅಲ್ಲಿ ಗ್ರಾನೈಟನ್ನು ಸೀಳಿಕೊಂಡು ಬಂದ ಕಿಂಬರ್ಲೈಟ್ ಕಲ್ಲಿದೆ. ಸುಮಾರು 110 ಕೋಟಿ ವರ್ಷದ ಹಿಂದೆ, 150 ಕಿ.ಮೀ.ಗೂ ಆಳದಲ್ಲಿ, ಇಂಗಾಲದ ಡೈಆಕ್ಸೈಡೂ ನೀರೂ ಬೆರೆತು ಕರಗಿದ ದ್ರವವದು. ವಜ್ರವನ್ನು ಹೊತ್ತು ತರುವುದು ಇಂಥ ಕಲ್ಲೇ ಆದ್ದರಿಂದ ಭೂವಿಜ್ಞಾನಿಗಳಿಗೆ ಅದರ ಮೇಲೆ ಬಲು ಆಸೆ. ವಜ್ರದ ಮಾತು ಹಾಗಿರಲಿ, ನನಗೆ ಅದರೊಳಗಿನ ಕ್ಯಾಲ್ಸೈಟೇ ಹೆಚ್ಚಿನ ಸೋಜಿಗ.

ತಾಂಡೂರಿನ ಫರಸಿಯಲ್ಲಿರುವುದೂ ಕ್ಯಾಲ್ಸೈಟೇ. ಆದರೆ ಅದು ಆಳವಿಲ್ಲದ ಪ್ರಾಚೀನ ಸಮುದ್ರದಲ್ಲಿ ಪದರ ಪದರವಾಗಿ ಕೂತದ್ದು. ಮ್ಯಾಂಟಲಿಗೆ ಇಳಿದದ್ದೂ ಇಲ್ಲ, ಕರಗಿದ್ದೂ ಇಲ್ಲ. ಪದರಗಳು ಇನ್ನೂ ಅಡ್ಡಡ್ಡ ಮಲಗಿರುವುದರಿಂದಲೇ ಹಾಸುಗಲ್ಲಾಗಿ ಸೀಳುತ್ತದೆ. ಆಮ್ಲದ ಹನಿ ಬಿಟ್ಟರೆ ಎರಡೂ ನೊರೆಯುತ್ತವೆ. ಕಿಂಬರ್ಲೈಟಿನಲ್ಲಿ ಆಳದಿಂದ ಬಂದ ಕ್ಯಾಲ್ಸೈಟ್ ಎಷ್ಟು, ಆಮೇಲೆ ನೆಲದ ನೀರು ತುಂಬಿದ್ದು ಎಷ್ಟು ಎಂಬುದನ್ನು ನೊರೆ ಹೇಳಲಾರದು. ಅದಕ್ಕೆ ಇಂಗಾಲ, ಆಮ್ಲಜನಕಗಳ ಐಸೋಟೋಪುಗಳನ್ನು ಅಳೆಯಬೇಕು.