ಪ್ರತಿದೀಪ್ತಿ

ಮೇಲೆ ಬಿದ್ದ ಬೆಳಕನ್ನು ಹೀರಿ, ಬೇರೊಂದು ಬಣ್ಣದಲ್ಲಿ ಮರಳಿ ಸೂಸುವ ಗುಣವೇ ಪ್ರತಿದೀಪ್ತಿ. ‘ದೀಪ್ತಿ’ ಹೊಳಪು, ‘ಪ್ರತಿ’ ಎಂದರೆ ಉತ್ತರವಾಗಿ. ಇಂಗ್ಲಿಷಿನ ‘ಫ್ಲೋರೆಸೆನ್ಸ್’ ಪದದ ಮೂಲವಿರುವುದು ಮಾತ್ರ ಕುಲುಮೆಯಲ್ಲಿ. ಲ್ಯಾಟಿನ್ನಿನ ‘ಫ್ಲುಯೆರೆ’ ಎಂದರೆ ಹರಿಯುವುದು. ಅದಿರು ಕರಗಿಸುವಾಗ ಕಿಟ್ಟ ಸಲೀಸಾಗಿ ಹರಿಯಲೆಂದು ಬೆರೆಸುತ್ತಿದ್ದ ಖನಿಜಕ್ಕೆ ಫ್ಲೋರ್‌ಸ್ಪಾರ್ ಎಂಬ ಹೆಸರು ಬಂತು. ಭದ್ರಾವತಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: 1923ರಲ್ಲಿ ಉತ್ಪಾದನೆ ಆರಂಭಿಸಿದ ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿ, ಕೆಮ್ಮಣ್ಣುಗುಂಡಿಯ ಅದಿರಿಗೆ ಭಂಡಿಗುಡ್ಡದ ಸುಣ್ಣಕಲ್ಲು ಮಾಡುತ್ತಿದ್ದುದೂ ಇಂಥದೇ ಕೆಲಸ. ಫ್ಲೋರ್‌ಸ್ಪಾರಿನ ಕೆಲವು ಹರಳುಗಳು ಅತಿನೇರಳೆ ಬೆಳಕಿಗೆ ನೀಲಿಯಾಗಿ ಹೊಳೆಯುತ್ತವೆ. ಆದ್ದರಿಂದ 1852ರಲ್ಲಿ ಜಾರ್ಜ್ ಸ್ಟೋಕ್ಸ್ ಆ ಗುಣಕ್ಕೇ ಕಲ್ಲಿನ ಹೆಸರಿಟ್ಟರು.

ಶಿವಮೊಗ್ಗದ ಮನೆಗಳನ್ನು ಟ್ಯೂಬ್‌ಲೈಟಾಗಿ ಬೆಳಗಿದ್ದೂ ಇದೇ ಗುಣ. ನರಶಸ್ತ್ರಚಿಕಿತ್ಸೆಯಲ್ಲಿ ಇದರ ಬೆಲೆ ಇನ್ನೂ ದೊಡ್ಡದು. ಮಿದುಳಿನ ಗ್ಲಯೋಮಾ ಗಡ್ಡೆ ಎಲ್ಲಿ ಮುಗಿಯಿತು, ಆರೋಗ್ಯವಂತ ಭಾಗ ಎಲ್ಲಿಂದ ಶುರುವಾಯಿತು ಎನ್ನುವುದು ಬಿಳಿ ಬೆಳಕಿನಲ್ಲಿ ಸ್ಪಷ್ಟವಾಗಿ ಕಾಣುವುದಿಲ್ಲ. ಅಮೆರಿಕದ ಜಾರ್ಜ್ ಮೂರ್ 1948ರಷ್ಟು ಹಿಂದೆಯೇ ಫ್ಲೋರೆಸೀನ್ ಬಣ್ಣದಿಂದ ಇಂಥ ಗಡ್ಡೆಗಳನ್ನು ಗುರುತಿಸಿದ್ದರು. ಈಗ 5-ಎಎಲ್‌ಎ ಎಂಬ ಔಷಧವನ್ನು ಶಸ್ತ್ರಚಿಕಿತ್ಸೆಗೆ ಕೆಲವು ಗಂಟೆ ಮುಂಚೆ ರೋಗಿಗೆ ಕುಡಿಸುತ್ತಾರೆ. ಗಡ್ಡೆಯ ಕೋಶಗಳಲ್ಲಿ ಅದು ಪೋರ್ಫಿರಿನ್ ಆಗಿ ಶೇಖರವಾಗಿ, ಸೂಕ್ಷ್ಮದರ್ಶಕದ ನೀಲಿ ಬೆಳಕಿಗೆ ಕೆಂಪಗೆ ಹೊಳೆಯುತ್ತದೆ. 2006ರಲ್ಲಿ ಪ್ರಕಟವಾದ ಜರ್ಮನ್ ಅಧ್ಯಯನದಲ್ಲಿ, ಸ್ಕ್ಯಾನಿನಲ್ಲಿ ಕಾಣುವ ಗಡ್ಡೆಯನ್ನು ಪೂರ್ತಿ ತೆಗೆಯಲಾದದ್ದು ಈ ಔಷಧ ಪಡೆದ ಶೇ. 65 ರೋಗಿಗಳಲ್ಲಿ, ಬಿಳಿ ಬೆಳಕಷ್ಟೇ ಇದ್ದಾಗ ಶೇ. 36ರಲ್ಲಿ. ಬೆನ್ನುಹುರಿಯ ಎಪೆಂಡಿಮೋಮಾ ಗಡ್ಡೆಗಳೂ ಹೆಚ್ಚಾಗಿ ಹೀಗೆ ಹೊಳೆಯುತ್ತವೆ. ನಿಧಾನವಾಗಿ ಬೆಳೆಯುವ ಗ್ಲಯೋಮಾಗಳು ಬಹುತೇಕ ಹೊಳೆಯುವುದಿಲ್ಲ. ಅಲ್ಲಿ ವೈದ್ಯರು ಬೇರೆ ದಾರಿಗಳನ್ನೇ ನೆಚ್ಚಬೇಕು.